ನಮಗೂ ಕಿವಿ ಇದೆ ಸ್ವಾಮಿ

ಆಸ್ಪತ್ರೆ ಗೇಟಿನಲ್ಲಿ ಹಾರನ್ ಹಾಕಬೇಡಿ ಅಂತ ದೊಡ್ಡ ಬೋರ್ಡು ಇದೆ. ಒಳಗಿನ ಗಲಾಟೆಯನ್ನು ಕೇಳುವವರು ಯಾರು?

ನಾನು ಕೊಡಗಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಳೆಗಾಲ ಬಂತೆಂದರೆ ನಮ್ಮ ಪಾಡು ಹೇಳತೀರದು. ಮೇಲೆ ತಗಡಿನ ಶೀಟು, ಅದರ ಮೇಲೆ ಬಿಡದೆ ಸುರಿಯುವ ಮಳೆ. ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ವಾರ್ಡಿನ ಕಿಟಕಿ ಪಕ್ಕದಲ್ಲೇ ಜನರೇಟರ್ ಶುರು. ಮಳೆ ನಮ್ಮ ಕೈಯಲ್ಲಿಲ್ಲ, ಸರಿ. ಜನರೇಟರನ್ನು ಅಲ್ಲಿ ತಂದಿಟ್ಟವರು ಮನುಷ್ಯರೇ ಅಲ್ವಾ?

ಮಾನಿಟರ್‌ಗಳ ಅಲಾರಂ ಇನ್ನೊಂದು ಹಿಂಸೆ. ಚಳಿಗೆ ರೋಗಿಯ ಕೈ ತಣ್ಣಗಾದರೆ ಬೆರಳಿನ ಕ್ಲಿಪ್ ಸರಿಯಾಗಿ ಓದುವುದಿಲ್ಲ, ಅಲಾರಂ. ಮಗ್ಗುಲು ಬದಲಿಸಿದರೆ ಅಲಾರಂ. ಡ್ರಿಪ್ ಪಂಪ್ ಖಾಲಿಯಾದರೆ ಅಲಾರಂ. ಹೆಚ್ಚಿನವು ಸುಮ್ನೆ ಕೂಗುವಂಥವು. ಕೇಳಿ ಕೇಳಿ ಕಿವಿಗೆ ಅಭ್ಯಾಸವಾಗಿಬಿಡುತ್ತದೆ, ನಿಜವಾದ ಅಪಾಯದ ಸದ್ದೂ ಅದರಲ್ಲೇ ಕಳೆದುಹೋಗುತ್ತದೆ. ನನಗೆ ಎಲ್ಲಕ್ಕಿಂತ ಭಯ ಅದೇ. ಒಬ್ಬೊಬ್ಬ ರೋಗಿಗೆ ತಕ್ಕಂತೆ ಅಲಾರಂ ಮಿತಿ ಹೊಂದಿಸಬಹುದು. ಅದಕ್ಕೆ ಡಾಕ್ಟರ್ ಐದು ನಿಮಿಷ ಕೊಡಬೇಕು, ಅಷ್ಟೆ.

ಫೋನಿನಲ್ಲಿ ಡೋಸ್ ಹೇಳಿದರೆ ಫಿಫ್ಟೀನೋ ಫಿಫ್ಟಿಯೋ ಕೇಳುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ಆ ಕಡೆಯಿಂದ ಸಿಡುಕು. ಕೇಳದೆ ಔಷಧಿ ಕೊಟ್ಟು ಹೆಚ್ಚುಕಮ್ಮಿಯಾದರೆ ತಪ್ಪು ಯಾರದು? ಸಿಸ್ಟರದೇ!

ನಿಯಮ ಇಲ್ಲ ಅಂತೇನಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ವಾರ್ಡಿನ ಒಳಗೆ ರಾತ್ರಿ 30 ದಾಟಬಾರದು ಅಂದಿತ್ತು. ಇಬ್ಬರು ಮಾಮೂಲಿಯಾಗಿ ಮಾತಾಡಿದರೇ 60ರ ಹತ್ತಿರ ಹೋಗುತ್ತದೆ. ನಮ್ಮಲ್ಲಿ ರೋಗಿ ಕಡೆಯವರು ಮಧ್ಯರಾತ್ರಿ ಸ್ಪೀಕರ್ ಹಾಕಿ ರೀಲ್ಸ್ ನೋಡುತ್ತಾರೆ. ಹೇಳಿದರೆ ನಮ್ಮ ಮೇಲೇ ಕಂಪ್ಲೇಂಟ್.

ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೋದರೆ ತಲೆಯೊಳಗೆ ಇನ್ನೂ ಬೀಪ್ ಬೀಪ್. ನಿದ್ದೆ ಹತ್ತುವುದಿಲ್ಲ. ಮಕ್ಕಳು ಜೋರಾಗಿ ನಕ್ಕರೂ ಸಿಟ್ಟು ಬರುತ್ತದೆ. ಜೊತೆಯವರಲ್ಲಿ ತಲೆನೋವು, ಬಿಪಿ ಅನ್ನದವರೇ ಕಡಿಮೆ. ಜೋರು ಸದ್ದಿನಲ್ಲೇ ದಿನಗಟ್ಟಲೆ ಇದ್ದರೆ ಬಿಪಿ ಏರುತ್ತದೆ ಅನ್ನುವುದು ವೈದ್ಯರಿಗೆ ನಾವು ಹೇಳಿಕೊಡಬೇಕಾ?

ನಾವು ಕೇಳಿದ್ದು ಏನು ದೊಡ್ಡದು? ಕಿರುಗುಟ್ಟುವ ಟ್ರಾಲಿ ಚಕ್ರಕ್ಕೆ ಎಣ್ಣೆ. ಧಡಾರ್ ಅನ್ನುವ ಬಾಗಿಲಿಗೆ ಒಂದು ತುಂಡು ರಬ್ಬರ್. ಜನರೇಟರ್‌ಗೆ ಸದ್ದು ತಡೆಯುವ ಕವಚ, ಇಲ್ಲವೇ ಬೇರೆ ಜಾಗ. ಕಣ್ಣು ಮುಚ್ಚಿ ಕೂರಲು ಸ್ಟಾಫ್‌ಗೆ ಒಂದು ರೂಮು. ಪ್ರತಿ ಮೀಟಿಂಗಿನಲ್ಲೂ ಒಂದೇ ಉತ್ತರ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್."

ಇನ್ನೊಮ್ಮೆ ಹಾಗನ್ನುವ ಮೊದಲು ಆಡಳಿತದವರು ಜುಲೈ ತಿಂಗಳಲ್ಲಿ ಒಂದು ರಾತ್ರಿ ನಮ್ಮ ಟೇಬಲ್ ಹತ್ತಿರ ಬೆಳಗಿನವರೆಗೆ ಕೂರಲಿ. ಆಮೇಲೆ ಹೇಳಲಿ.