ಸತ್ಯಾಂಶ: ನಕ್ಷತ್ರದ ಸುತ್ತ ಸಿಕ್ಕಿದ್ದು ಅಣು, ಜೀವಿಯಲ್ಲ

ಎಳೆಯ ನಕ್ಷತ್ರವೊಂದರ ಸುತ್ತ ‘ಸಾವಯವ’ ವಸ್ತು ಸಿಕ್ಕಿದೆ, ಅಂದರೆ ಅಲ್ಲಿ ಜೀವವಿದೆ ಎನ್ನುವ ಸಂದೇಶ ಬಣ್ಣದ ಉಂಗುರಗಳ ಚಿತ್ರದೊಂದಿಗೆ ಆಗಾಗ ವಾಟ್ಸಾಪ್‌ಗೆ ಬರುತ್ತದೆ. ಮೊದಲರ್ಧ ನಿಜ, ಎರಡನೆಯದು ಅಲ್ಲ.

ತಪ್ಪು ತಿಳಿಯುವುದು ಸಹಜವೇ. ಸಾವಯವ ಎಂದರೆ ನಮಗೆ ನೆನಪಾಗುವುದು ಗೊಬ್ಬರ, ಬೆಲ್ಲ. ರಸಾಯನಶಾಸ್ತ್ರದಲ್ಲಿ ಅದು ಇಂಗಾಲದ ಸಂಯುಕ್ತ, ಅಷ್ಟೇ. ಪೆಟ್ರೋಲ್ ಕೂಡ ಸಾವಯವವೇ.

ಸುಮಾರು 200 ಜ್ಯೋತಿರ್ವರ್ಷ ದೂರದ ಟಿಡಬ್ಲ್ಯು ಹೈಡ್ರೇ ನಕ್ಷತ್ರವನ್ನೇ ನೋಡಿ. ಅದರ ಸುತ್ತ ಅನಿಲ, ದೂಳಿನ ತಟ್ಟೆಯಿದೆ; ಗ್ರಹಗಳು ಹುಟ್ಟುವುದು ಇಂಥ ತಟ್ಟೆಗಳಲ್ಲಿ. 2016ರಲ್ಲಿ ಅಲ್ಲಿ ಮೆಥನಾಲ್ ಎಂಬ ಸಾವಯವ ಅಣು (ಒಂದು ಬಗೆಯ ಆಲ್ಕೋಹಾಲ್) ಪತ್ತೆಯಾಯಿತು. ಯಾರೂ ಹೋಗಿ ಮಾದರಿ ತಂದಿದ್ದಲ್ಲ. ಮೆಥನಾಲ್‌ನಂಥ ಅಣುಗಳು ತಮ್ಮದೇ ಕಂಪನಾಂಕಗಳಲ್ಲಿ ರೇಡಿಯೋ ಅಲೆ ಹೊಮ್ಮಿಸುತ್ತವೆ. ಚಿಲಿಯ ಅಟಕಾಮ ಮರುಭೂಮಿಯಲ್ಲಿ, ಸುಮಾರು 5000 ಮೀಟರ್ ಎತ್ತರದಲ್ಲಿರುವ 66 ಆಂಟೆನಾಗಳ ಆಲ್ಮಾ ದೂರದರ್ಶಕ ಅದನ್ನು ಹಿಡಿಯಿತು. ಈ ಮೆಥನಾಲ್ ತಯಾರಾಗಲು ಜೀವಿ ಬೇಕಿಲ್ಲ. ಕೊರೆಯುವ ಚಳಿಯಲ್ಲಿ ದೂಳಿನ ಕಣದ ಮೇಲೆ ಕಾರ್ಬನ್ ಮೊನಾಕ್ಸೈಡ್ ಹೆಪ್ಪುಗಟ್ಟುತ್ತದೆ, ಅದಕ್ಕೆ ಒಂದೊಂದಾಗಿ ಹೈಡ್ರೋಜನ್ ಪರಮಾಣು ಅಂಟಿಕೊಳ್ಳುತ್ತದೆ. ಹೀಗೆ ಮೆಥನಾಲ್ ಆಗುತ್ತದೆ.

ಸಂದೇಶದ ಚಿತ್ರದಲ್ಲಿರುವ ಉಂಗುರಗಳ ಬಣ್ಣವೂ ಆಮೇಲೆ ಹಚ್ಚಿದ್ದು. ರೇಡಿಯೋ ಅಲೆ ಕಣ್ಣಿಗೆ ಕಾಣದು.

ಇಂಥದ್ದು ಬಂದಾಗ ಮೊದಲು ನಕ್ಷತ್ರದ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಮೂಲ ಪ್ರಕಟಣೆ ಸಿಕ್ಕರೆ ದಿನಾಂಕ ನೋಡಿ, ಅಲ್ಲಿ ‘ಅಣು’ ಎಂದಿದೆಯೋ ‘ಜೀವಿ’ ಎಂದಿದೆಯೋ ಓದಿ. ಸಾಮಾನ್ಯವಾಗಿ ಎಡವಟ್ಟಾಗಿರುವುದು ಆ ಒಂದು ಪದದಲ್ಲೇ.