ಸ್ಟಾಫ್ ರೂಮಿನ ಸಣ್ಣ ಮಾತು ಆಡಳಿತ ಮಂಡಳಿಯವರೆಗೆ ಏಕೆ ಹೋಗಬೇಕು?

ಖಾಸಗಿ ಶಾಲೆಗಳ ಶಿಕ್ಷಕರು ಸಂಬಳದ ಬಗ್ಗೆ, ಕೆಲಸದ ಹೊರೆಯ ಬಗ್ಗೆ ಆಗಾಗ ಬರೆಯುತ್ತಾರೆ. ಸಹೋದ್ಯೋಗಿಯ ಸಣ್ಣಪುಟ್ಟ ಲೋಪಗಳನ್ನು ಆಡಳಿತ ಮಂಡಳಿಯ ಕಿವಿಗೆ ಹಾಕುವ ಚಾಳಿಯ ಬಗ್ಗೆ ಮಾತ್ರ ಯಾರೂ ಬಹಿರಂಗವಾಗಿ ಮಾತನಾಡುವುದಿಲ್ಲ. ದಾವಣಗೆರೆಯ ಶಾಲೆಯೊಂದರಲ್ಲಿ ಬಹುಕಾಲದಿಂದ ಪಾಠ ಮಾಡುತ್ತಿರುವ ನನಗೆ, ಮಕ್ಕಳ ಗಲಾಟೆಗಿಂತಲೂ ತಿದ್ದಬೇಕಾದ ನೋಟ್‌ಬುಕ್ಕುಗಳ ರಾಶಿಗಿಂತಲೂ ಹೆಚ್ಚಾಗಿ ಶಿಕ್ಷಕರನ್ನು ಹಣ್ಣು ಮಾಡುವುದು ಇದೇ ಎನಿಸಿದೆ.

ಜಗಳೂರಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಶಿಕ್ಷಕಿಯೊಬ್ಬರು ಒಂದು ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಶಾಲೆ ತಲುಪಿದರು. ತಡವಾಗುತ್ತದೆಂದು ಅವರು ಮುಖ್ಯೋಪಾಧ್ಯಾಯರಿಗೆ ಬಸ್ಸಿನಿಂದಲೇ ಫೋನ್ ಮಾಡಿ ತಿಳಿಸಿದ್ದರು. ಮೊದಲ ಪಿರಿಯಡ್ ಕೂಡ ತಪ್ಪಲಿಲ್ಲ. ಅಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಜಾಗ ಖಾಲಿಯಿರುವ ಫೋಟೊ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ವಾಟ್ಸಾಪ್ ಸೇರಿತ್ತು. ಮಧ್ಯಾಹ್ನ ಮೆಮೊ ಬಂತು. ಅದನ್ನು ಓದಿದ ಅವರು ಊಟದ ಡಬ್ಬಿಯನ್ನು ತೆರೆಯದೆ ಚೀಲದೊಳಗಿಟ್ಟು, ಸೀಮೆಸುಣ್ಣ ತೆಗೆದುಕೊಂಡು ಏಳನೇ ತರಗತಿಗೆ ನಡೆದರು. ಫೋಟೊ ತೆಗೆದವರು ಪಕ್ಕದ ಕುರ್ಚಿಯವರೇ ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಮನಸ್ಸು ಬಿಚ್ಚಿ ಮಾತನಾಡುವುದು ನಿಂತಿತು.

ಹೀಗೆ ಮಾಡುವವರೆಲ್ಲರೂ ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಪ್ರತಿ ಜೂನ್‌ನಲ್ಲಿ ಮತ್ತೆ ನೇಮಕಾತಿ ಆದೇಶ ಸಿಗುತ್ತದೆಯೋ ಇಲ್ಲವೋ ಎಂಬ ಭಯದಲ್ಲಿ ಬದುಕುವವರು ಆಡಳಿತದವರ ವಿಶ್ವಾಸ ಗಳಿಸಲು ಇದೊಂದೇ ದಾರಿಯೆಂದು ನಂಬಿಬಿಡುತ್ತಾರೆ. ಆದ್ದರಿಂದ ಚಾಡಿ ಹೇಳುವವರಿಗಿಂತ, ಅದನ್ನು ಕೇಳಿ ವಿಚಾರಿಸದೆ ಮೆಮೊ ಕೊಡುವವರ ಹೊಣೆಯೇ ದೊಡ್ಡದು.

ಇಂಥ ಸಂದರ್ಭದಲ್ಲಿ ಜಗಳಕ್ಕಿಳಿಯುವುದರಿಂದಲೂ ಪ್ರತಿಯಾಗಿ ಚಾಡಿ ಹೇಳುವುದರಿಂದಲೂ ಪ್ರಯೋಜನವಿಲ್ಲ. ಬೇರೆಯವರಿಲ್ಲದ ಹೊತ್ತು ನೋಡಿ, ಚಾಡಿ ಹೇಳಿದ ಸಹೋದ್ಯೋಗಿಯ ಬಳಿಯೇ ಹೋಗಿ, "ಸರ್, ನನ್ನ ಕೆಲಸದಲ್ಲಿ ಏನಾದರೂ ಕೊರತೆ ಕಂಡರೆ ಮೊದಲು ನನಗೇ ಹೇಳಿ, ಸರಿಪಡಿಸಿಕೊಳ್ಳುತ್ತೇನೆ" ಎಂದು ನೇರವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಅಷ್ಟಕ್ಕೇ ಸುಮ್ಮನಾದವರನ್ನು ನಾನು ನೋಡಿದ್ದೇನೆ. ಪಾಠ ಟಿಪ್ಪಣಿಗೆ ವಾರವಾರವೂ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿಕೊಳ್ಳಬೇಕು, ಹೊರಗೆ ಹೋಗುವಾಗ ಚಲನವಲನ ವಹಿಯಲ್ಲಿ ಬರೆಯಬೇಕು. ಮೆಮೊ ಬಂದರೆ ಬಾಯಿಮಾತಿನ ಸಮಜಾಯಿಷಿ ಸಾಲದು, ಲಿಖಿತ ಉತ್ತರ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಬೇಕು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ಆರೋಪವೇನೆಂದು ತಿಳಿಸಿ, ವಿಚಾರಣೆ ನಡೆಸಿ, ಉತ್ತರಿಸಲು ಅವಕಾಶ ಕೊಡದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ. ವಾಟ್ಸಾಪ್‌ನ ಒಂದು ಫೋಟೊ ವಿಚಾರಣೆಯಲ್ಲ ಎಂಬುದನ್ನು ನಮ್ಮ ಕಿರಿಯ ಶಿಕ್ಷಕರು ತಿಳಿದಿರಬೇಕು.

ಸಹೋದ್ಯೋಗಿಯ ಮೇಲೆ ದೂರು ಹೇಳಲೇಬಾರದೆಂದು ಇದರ ಅರ್ಥವಲ್ಲ. ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಅದೇ ಅಪರಾಧ. ಅಲ್ಲಿ ಸ್ನೇಹ, ಸಂಕೋಚ, ಶಾಲೆಯ ಹೆಸರು ಯಾವುದೂ ಅಡ್ಡ ಬರಬಾರದು. ನನ್ನ ಆತಂಕವಿರುವುದೂ ಇಲ್ಲಿಯೇ. ಐದು ನಿಮಿಷ ತಡವಾದದ್ದು, ಚಹಾ ಕುಡಿಯಲು ಹೋದದ್ದು, ಯಾರ ಜೊತೆ ಯಾರು ಮಾತನಾಡಿದರು ಎಂಬುದೇ ದಿನವೂ ಕಾರ್ಯದರ್ಶಿಗಳ ಕೊಠಡಿಗೆ ಹೋಗುತ್ತಿದ್ದರೆ, ಮಗುವಿನ ಬಗ್ಗೆ ನಿಜವಾದ ದೂರು ತಂದವರನ್ನೂ ಚಾಡಿಕೋರರ ಸಾಲಿಗೇ ಸೇರಿಸಿಬಿಡುತ್ತಾರೆ. ಆ ಅಪವಾದಕ್ಕೆ ಹೆದರಿ ಒಳ್ಳೆಯವರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳ ಸುರಕ್ಷತೆಯ ದೂರನ್ನು ಯಾರು ತಂದರೂ, ಹೇಗೆ ತಂದರೂ ಗೌಪ್ಯವಾಗಿ ಸ್ವೀಕರಿಸಿ, ಕೂಡಲೇ ಕ್ರಮ ಕೈಗೊಳ್ಳಿ. ಉಳಿದ ವಿಷಯಗಳಲ್ಲಿ "ಇದನ್ನು ಅವರಿಗೆ ಹೇಳಿದ್ದೀರಾ? ಮುಖ್ಯೋಪಾಧ್ಯಾಯರಿಗೆ ಗೊತ್ತಿದೆಯೇ?" ಎಂದು ಮೊದಲು ಕೇಳಿ, ಇಲ್ಲವೆಂದರೆ ಬಂದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿ.