ಹಳೆಯ ರೋಡ್ ಸೈಕಲ್‌ನ ಬ್ರೇಕ್ ಹುಡ್‌ಗೆ ಎಣ್ಣೆ ಬೇಡ: ಒಂದು ಸ್ಪಷ್ಟನೆ

ಹಳೆಯ ರೋಡ್ ಸೈಕಲ್‌ಗಳ ಬ್ರೇಕ್ ಲಿವರ್‌ಗೆ ಹೊಸ ರಬ್ಬರ್ ಹುಡ್ (ಲಿವರ್‌ನ ಬುಡವನ್ನು ಮುಚ್ಚುವ, ಸವಾರ ಅಂಗೈ ಊರುವ ಹೊದಿಕೆ) ತೊಡಿಸುವಾಗ ಒಳಗೆ ಎಂಜಿನ್ ಆಯಿಲನ್ನೋ ಗ್ರೀಸನ್ನೋ ಸವರಿದರೆ ಅದು ಸುಲಭವಾಗಿ ಜಾರಿ ಕೂರುತ್ತದೆ, ಹೆಚ್ಚು ಕಾಲ ಬಾಳುತ್ತದೆ ಎಂಬ ಸಲಹೆ ಸೈಕಲ್ ಪ್ರಿಯರ ನಡುವೆ ಹರಿದಾಡುತ್ತಿದೆ. ಸುಲಭವಾಗಿ ಜಾರುತ್ತದೆ ಎಂಬುದು ನಿಜ. ಬಾಳುತ್ತದೆ ಎಂಬುದು ತಪ್ಪು.

ಇಟಲಿಯ ಸೈಕಲ್ ಬಿಡಿಭಾಗ ತಯಾರಕ ಕಂಪನ್ಯೋಲೊದ 1970ರ ದಶಕದ ಲಿವರ್‌ಗಳಿಗೆ ಬರುತ್ತಿದ್ದ ಕಂದು ಬಣ್ಣದ ಹುಡ್‌ಗಳಂತೆ, ಅವುಗಳ ಮಾದರಿಯಲ್ಲಿ ಈಗ ತಯಾರಾಗುವ ಹಲವು ಹುಡ್‌ಗಳೂ ನೈಸರ್ಗಿಕ ರಬ್ಬರಿನವು. ಪೆಟ್ರೋಲಿಯಂ ಮೂಲದ ಎಣ್ಣೆಯನ್ನು ಹೀರಿಕೊಂಡು ಈ ರಬ್ಬರ್ ಉಬ್ಬುತ್ತದೆ, ಮೆತ್ತಗಾಗಿ ಬಿಗಿ ಕಳೆದುಕೊಳ್ಳುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಎಣ್ಣೆ ಆರದೆ ಒಳಗೇ ಉಳಿಯುವುದರಿಂದ, ಸವಾರ ಇಳಿಜಾರಿನಲ್ಲಿ ದೇಹದ ಭಾರವನ್ನು ಅಂಗೈಗಳ ಮೇಲೆ ಹಾಕಿದಾಗ ಹುಡ್ ಕೈಯಡಿಯಲ್ಲೇ ಸರಿಯಬಹುದು.

ಹುಡ್ಡನ್ನು ಕೆಲಕಾಲ ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಲಿವರ್‌ಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ತೊಡಿಸುವುದು ಸರಿಯಾದ ಕ್ರಮ. ಆಲ್ಕೊಹಾಲ್ ಬೇಗ ಆವಿಯಾಗಿ ಹುಡ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಒಣಗಿ ಬಿರುಕುಬಿಟ್ಟ ಹಳೆಯದನ್ನು ಎಳೆದಾಡದೆ ಕತ್ತರಿಸಿ ತೆಗೆಯಿರಿ.

ಯಾವ ಹುಡ್ ಆದರೂ ಆದೀತು ಎಂಬ ಮಾತೂ ಸರಿಯಲ್ಲ. ಕೇಬಲ್ ಮೇಲಿನಿಂದ ಹೊರಬರುವ ಹಳೆಯ ಲಿವರ್‌ನ ಹುಡ್‌ಗೆ ನೆತ್ತಿಯಲ್ಲಿ ರಂಧ್ರವಿರುತ್ತದೆ. ಕೇಬಲ್ ಹ್ಯಾಂಡಲ್ ಟೇಪಿನಡಿ ಸಾಗುವ, 1980ರ ದಶಕದಲ್ಲಿ ಬಳಕೆ ಹೆಚ್ಚಿದ ಲಿವರ್‌ಗಳ ಹುಡ್‌ಗೆ ಅದಿರುವುದಿಲ್ಲ. ಮೊದಲ ಬಗೆಯದರಲ್ಲಿ ಕೇಬಲ್ ಬಿಚ್ಚಲೇಬೇಕಾಗುವುದರಿಂದ, ಮರುಜೋಡಿಸಿದ ಬಳಿಕ ನಿಂತಲ್ಲೇ ಲಿವರನ್ನು ಹಲವು ಬಾರಿ ಬಲವಾಗಿ ಒತ್ತಿ ಬ್ರೇಕ್ ಪರೀಕ್ಷಿಸದೆ ರಸ್ತೆಗಿಳಿಯಬಾರದು.